ಆಟಿ ತಿಂಗಳಲ್ಲಿ ಬೆಂಗ್ರೆಗೆ ಹೋಗಿಬಂದುದು

ಮಂಗಳೂರನ್ನು ನೋಡಲೆಂದು ಬರುವವರು ಏನೇನನ್ನು ನೋಡಿ ಹೋಗುವರೆಂಬುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. ಕದ್ರಿಗೆ ಹೋಗಿ, 968ನೆಯ ಇಸವಿಯ ಶಾಸನವುಳ್ಳ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಕಂಡು ಕೈಮುಗಿಯುವರು. ಬೋಳಾರದಲ್ಲಿ ಮಂಗಳಾದೇವಿಯ ದರ್ಶನವನ್ನು ಮಾಡುವರು. ಸುಲ್ತಾನ್ ಬತ್ತೇರಿಯ ಮೇಲೆ ನಿಂತು ನದಿಯ ಗಾಳಿಗೆ ಮೈಯೊಡ್ಡುವರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಕಥೆಯನ್ನು ಕೇಳುವರು. ಇವೆಲ್ಲವನ್ನೂ ನಾವೂ ಹಿಂದೆ ನೋಡಿದ್ದೆವು, ಕೇಳಿದ್ದೆವು. ಈ ಸಲ ನಾವು ಹೊರಟುದು ಒಂದು ಪ್ರಶ್ನೆಗೆ ಉತ್ತರವನ್ನು ಹುಡುಕಿಕೊಂಡು.

ಪ್ರಶ್ನೆಯು ನಮ್ಮ ಬಂಧುವರ್ಗದ ಹಿರಿಯರೊಬ್ಬರದು. ಒಂದು ಸಾಯಂಕಾಲ ಮಾತಿನ ನಡುವೆ ಅವರು, "ಮಂಗಳೂರಿನಲ್ಲಿ ಆಸ್ಪತ್ರೆಗಳಿಗೇನು ಬರಗಾಲವೆ? ಕೂಗಳತೆಗೊಂದು ಆಸ್ಪತ್ರೆಯುಂಟು. ಹೀಗಿರುವಾಗ ಹೆಗಲಿಗೆ ಚೀಲ ಹಾಕಿಕೊಂಡು ಮನೆಯಿಂದ ಮನೆಗೆ ತಿರುಗುವ ಈ ಹೆಂಗಸರಿಂದ ಆಗುವ ಪ್ರಯೋಜನವಾದರೂ ಏನು?" ಎಂದು ಕೇಳಿದರು. ನಮಗೆ ಆಗ ಉತ್ತರವು ಹೊಳೆಯಲಿಲ್ಲ.

ಅವರ ಮಾತಿನ ಮೊದಲ ಭಾಗವು ದಿಟವೇ. ಜರ್ಮನಿಯವರಾದ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರರು 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪತಿ ಔಷಧವನ್ನು ಹಂಚತೊಡಗಿದರು. ಆ ಸಣ್ಣ ಔಷಧಾಲಯದ ಜೊತೆಗೆ 1890ರಲ್ಲಿ ಕುಷ್ಠರೋಗಿಗಳ ಆಶ್ರಯವೂ 1902ರಲ್ಲಿ ಪ್ಲೇಗಿನ ಆಸ್ಪತ್ರೆಯೂ ಸೇರಿ, ಇಂದು ಅಲ್ಲಿ ದೊಡ್ಡದೊಂದು ವೈದ್ಯಕೀಯ ಸಂಸ್ಥೆಯೇ ನಿಂತಿದೆ. ಹಂಪನಕಟ್ಟೆಯ ಬಳಿ ವೆನ್ಲಾಕ್ ಆಸ್ಪತ್ರೆಯುಂಟು. ಸಮೀಪದಲ್ಲಿಯೇ ಬಸುರಿಯರಿಗೂ ಎಳೆಗೂಸುಗಳಿಗೂ ಮೀಸಲಾದ ಲೇಡಿಗೋಷನ್ ಆಸ್ಪತ್ರೆಯುಂಟು. ಈ ಎರಡನೆಯ ಹೆಸರು 1924ರಿಂದ 1929ರವರೆಗೆ ಮದರಾಸಿನ ಗವರ್ನರರಾಗಿದ್ದ ಗೋಷನ್ನರ ಪತ್ನಿಯದು. ನಮ್ಮ ಜಿಲ್ಲೆಯು 1956ರವರೆಗೆ ಮದರಾಸಿಗೆ ಸೇರಿದ್ದುದನ್ನು ಇಂತಹ ಹೆಸರುಗಳು ಈಗಲೂ ನೆನಪಿಗೆ ತರುವುವು. ತರುವಾಯ 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳ ಪ್ರಯತ್ನದಿಂದ ವೈದ್ಯಕೀಯ ಕಾಲೇಜು ಸ್ಥಾಪಿತವಾಯಿತು. ಆಮೇಲೆ ಬಂದವುಗಳನ್ನು ಎಣಿಸಹೊರಟರೆ ಈ ಲೇಖನವೇ ಸಾಲದು.

ಆದರೆ ಮಾತಿನ ಎರಡನೆಯ ಭಾಗದ ಸತ್ಯಾಸತ್ಯವನ್ನು ಮನೆಯಲ್ಲಿ ಕುಳಿತು ತಿಳಿಯುವುದು ಹೇಗೆ? ಅಂತಹ ಒಬ್ಬ ಕಾರ್ಯಕರ್ತೆಯ ಜೊತೆಯಲ್ಲಿ ಒಂದು ದಿನ ನಡೆದು ನೋಡುವುದೇ ಸರಿಯೆಂದು ನಿಶ್ಚಯಿಸಿದೆವು. ಆಕೆಯೂ, ಆಕೆಯ ಮೇಲಿನವರೂ ಒಪ್ಪಿದರು. ಹೋಗುವ ಮನೆಯವರು ಬೇಡವೆಂದಲ್ಲಿ ನಾವು ಹೊರಗೆಯೇ ನಿಲ್ಲಬೇಕೆಂದೂ, ಯಾರ ಹೆಸರನ್ನೂ ಬರೆಯಕೂಡದೆಂದೂ ಕಟ್ಟಳೆಯಾಯಿತು.

ಹೊರಡುವ ಮೊದಲು ಈ ಕೆಲಸದ ಪೂರ್ವೋತ್ತರವನ್ನು ಸ್ವಲ್ಪ ತಿಳಿಸುವುದು ಯುಕ್ತವಾಗಿದೆ. ಮನೆಮನೆಗೆ ಹೋಗಿ ತಾಯಂದಿರಿಗೆ ಆರೋಗ್ಯದ ತಿಳಿವಳಿಕೆಯನ್ನು ಕೊಡುವ ಪದ್ಧತಿಯು ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರ್ ಮತ್ತು ಸಾಲ್ಫರ್ಡ್ ಎಂಬ ಗಿರಣಿಯ ಊರುಗಳಲ್ಲಿ, 1862ರ ಸುಮಾರಿಗೆ ಮೊದಲಾಯಿತು. ನಮ್ಮ ದೇಶದಲ್ಲಿ ಇಂತಹ ಸಂದರ್ಶಕಿಯರನ್ನು ತರಬೇತುಗೊಳಿಸಲು 1918ರಲ್ಲಿ ದಿಲ್ಲಿಯಲ್ಲಿ ಲೇಡಿ ರೀಡಿಂಗ್ ಶಾಲೆಯು ತೆರೆಯಿತು. ಸ್ವಾತಂತ್ರ್ಯಾನಂತರ ಸರಕಾರದ ದಾದಿಯರು ಹಳ್ಳಿಹಳ್ಳಿಗಳಲ್ಲಿ ನೇಮಕವಾದರು. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಯೋಜನೆಯು ಆರಂಭವಾಯಿತು. 2005ರಲ್ಲಿ ಗ್ರಾಮಗಳಿಗೂ, 2013ರಿಂದ ನಗರಗಳಿಗೂ ಬಂದವಳು ಆಶಾ ಕಾರ್ಯಕರ್ತೆ. ಈಕೆಯು ಹೊರಗಿನಿಂದ ಬಂದ ಅಧಿಕಾರಿಣಿಯಲ್ಲ. ಆ ಕೇರಿಯಲ್ಲಿಯೇ ಸಂಸಾರ ಮಾಡಿಕೊಂಡಿರುವ ಹೆಂಗಸು. ಸುಮಾರು ಸಾವಿರ ಜನರಿಗೆ, ನಗರದಲ್ಲಿ ಅದಕ್ಕಿಂತಲೂ ಹೆಚ್ಚು ಜನರಿಗೆ, ಇಂತಹ ಒಬ್ಬಳು.

ನಾವು ಹೋದುದು ಜುಲೈ ತಿಂಗಳ ಕೊನೆಯಲ್ಲಿ. ತುಳುನಾಡಿನ ಲೆಕ್ಕದಲ್ಲಿ ಅದು ಆಟಿ. ಆಟಿಯೆಂದರೆ ಬಿಡದ ಮಳೆ, ಬರಿದಾದ ಕಣಜ, ಮನೆಗೊಬ್ಬರಿಗೆ ಜ್ವರ. ಅಮಾವಾಸ್ಯೆಯ ದಿನ ಹಾಲೆಮರದ ತೊಗಟೆಯ ಕಷಾಯವನ್ನು ಕುಡಿಯುವ ಪದ್ಧತಿಯು ಈ ತಿಂಗಳದು. ತಾಳೆಗರಿಯ ಕೊಡೆ ಹಿಡಿದು, ಮನೆಮನೆಯ ಅಂಗಳಕ್ಕೆ ಬಂದು ಕುಣಿದು, ಊರಿನ ಮಾರಿಯನ್ನು ಕಳೆಯುವನೆಂದು ನಂಬಿರುವ ಆಟಿಕಳಂಜನು ಬರುವುದೂ ಈ ತಿಂಗಳಲ್ಲಿಯೇ. ಬೆಳಗಿನ ಒಂಬತ್ತು ಗಂಟೆಗೆ ಹಂಪನಕಟ್ಟೆಯ ಬಳಿ ಗುಲಾಬಿ ಬಣ್ಣದ ಸೀರೆಯುಟ್ಟು, ಕಪ್ಪು ಕೊಡೆ ಹಿಡಿದು ನಿಂತಿದ್ದ ನಮ್ಮ ಕಾರ್ಯಕರ್ತೆಯನ್ನು ಕಂಡಾಗ ನಮಗೆ ಕಳಂಜನ ನೆನಪಾಯಿತು. ಹಾಗೆಂದು ಹೇಳಿದೆವು. ಆಕೆ ನಕ್ಕು, "ಅವನಿಗೆ ಅಕ್ಕಿ ಕೊಟ್ಟು ಕಳುಹಿಸುವರು. ನಮಗೆ ಕೆಲವರು ಬಾಗಿಲನ್ನೇ ತೆರೆಯುವುದಿಲ್ಲ" ಎಂದಳು.

ಬಂದರಿಗೆ ಇಳಿಯುವ ದಾರಿಯಲ್ಲಿ ಹೊಸದಾಗಿ ಕಟ್ಟುತ್ತಿದ್ದ ಒಂದು ಎತ್ತರದ ಕಟ್ಟಡದ ಬುಡಕ್ಕೆ ಮೊದಲು ಹೋದೆವು. ಅದು ಆಕೆಯ ಗೆಳತಿಯ ಪಾಲಿನ ಜಾಗ. ಗೆಳತಿಗೆ ಜ್ವರವಾದುದರಿಂದ ಅಂದಿನ ಮಟ್ಟಿಗೆ ಈಕೆಯೇ ನೋಡಿಕೊಳ್ಳಬೇಕಾಗಿತ್ತು. ತಗಡಿನ ಬಿಡಾರಗಳಲ್ಲಿ ಬಾಗಲಕೋಟೆ, ಕೊಪ್ಪಳದ ಕಡೆಯ ಕೂಲಿಯವರಿದ್ದರು. ಐದು ತಿಂಗಳ ಬಸುರಿಯೊಬ್ಬಳಿಗೆ ಎರಡು ದಿನಗಳಿಂದ ಚಳಿಜ್ವರ. ಮಂಗಳೂರಿನಲ್ಲಿ ಇಂತಹ ಜ್ವರವನ್ನು ಅಲಕ್ಷ್ಯ ಮಾಡುವಂತಿಲ್ಲ. 1990ರ ಸುಮಾರಿನಿಂದ ಮಲೇರಿಯವು ಈ ನಗರದಲ್ಲಿ ತಳವೂರಿ ಬಹುಕಾಲ ಕಾಡಿತು. ಅದನ್ನು ಹರಡುವ ಸೊಳ್ಳೆಯು ಕೊಚ್ಚೆಯಲ್ಲಿ ಹುಟ್ಟುವುದಲ್ಲ. ಬಾವಿ, ಮಾಳಿಗೆಯ ಮೇಲಿನ ತೊಟ್ಟಿ, ಕಾಂಕ್ರೀಟಿನ ಮೇಲೆ ನಿಲ್ಲಿಸಿದ ನೀರು, ಇಂತಹ ತಿಳಿನೀರಿನಲ್ಲಿಯೇ ಅದು ಮೊಟ್ಟೆಯಿಡುವುದು. ಇತ್ತೀಚಿನ ವರ್ಷಗಳಲ್ಲಿ ರೋಗವು ಬಹಳ ಮಟ್ಟಿಗೆ ಇಳಿದಿರುವುದಾದರೂ, ಬಸುರಿಗೆ ಬಂದರೆ ಅದು ತಾಯಿಯ ರಕ್ತವನ್ನು ಬತ್ತಿಸಿ, ಕೂಸಿನ ತೂಕವನ್ನು ಕುಂದಿಸುವುದು.

ಕಾರ್ಯಕರ್ತೆಯು ಆ ಹೆಂಗಸಿನ ಬೆರಳಿನಿಂದ ಒಂದು ಹನಿ ರಕ್ತವನ್ನು ತೆಗೆದು ಪರೀಕ್ಷೆಗೆ ಇರಿಸಿದಳು. "ನಿಮ್ಮ ತಾಯಿ ಕಾರ್ಡು ಎಲ್ಲಿ?" ಎಂದು ಕೇಳಿದಾಗ, "ಊರಾಗ ಐತಿ, ಅತ್ತಿ ಹತ್ರ" ಎಂಬ ಉತ್ತರ ಬಂದಿತು. ಬಸುರಿಯ ತೂಕ, ರಕ್ತದ ಬಲ, ಚುಚ್ಚುಮದ್ದು, ಹೆರಿಗೆಯ ದಿನ ಎಲ್ಲವೂ ಬರೆದಿರುವ ಆ ಕಾರ್ಡು ಮುನ್ನೂರು ಮೈಲಿಗೆ ಸಮೀಪದ ದೂರದಲ್ಲಿ ಪೆಟ್ಟಿಗೆಯೊಳಗೆ ಭದ್ರವಾಗಿತ್ತು! ಕಾರ್ಯಕರ್ತೆಯು ಬೈಯಲಿಲ್ಲ. ಅತ್ತೆಗೆ ಅಲ್ಲಿಂದಲೇ ಫೋನು ಮಾಡಿಸಿ, ಕಾರ್ಡಿನ ಪುಟಗಳ ಚಿತ್ರವನ್ನು ತೆಗೆದು ಕಳುಹಿಸುವಂತೆ ಹೇಳಿ, ಇಲ್ಲಿಯ ಕೇಂದ್ರದಲ್ಲಿಯೂ ಹೆಸರನ್ನು ಬರೆಯಿಸಲು ಏರ್ಪಾಡು ಮಾಡಿದಳು. ಪರೀಕ್ಷೆಯಲ್ಲಿ ಮಲೇರಿಯವು ಕಾಣಲಿಲ್ಲ. ಆದರೂ ಜ್ವರವಿದ್ದುದರಿಂದ ವೈದ್ಯರ ಬಳಿಗೆ ಅಂದೇ ಹೋಗಬೇಕೆಂದು ಗಂಡನಿಂದ ಮಾತು ತೆಗೆದುಕೊಂಡ ಮೇಲೆಯೇ ಆಕೆ ಎದ್ದುದು.

ಇಂತಹ ತೊಡಕು ಪರಸ್ಥಳದವರಿಗೆ ಮಾತ್ರವೆಂದು ವಾಚಕರು ಭಾವಿಸಬಾರದು. ನಮ್ಮ ಮನೆಗಳಲ್ಲಿ ಏಳನೆಯ ತಿಂಗಳಲ್ಲಿ ಬಯಕೆಯ ಶಾಸ್ತ್ರವಾದೊಡನೆ ಸೊಸೆಯು ತವರಿಗೆ ಹೋಗುವಳು. ಹೂವು, ಬಳೆ, ಸೀರೆಗಳೆಲ್ಲ ಅವಳ ಜೊತೆಗೆ ಹೋಗುವುವು. ಕಾರ್ಡು ಮಾತ್ರ ಗಂಡನ ಮನೆಯಲ್ಲಿ ಉಳಿಯುವುದು. ಈ ಕಡೆಯ ಕಾರ್ಯಕರ್ತೆಗೆ ಅವಳು ಕೈತಪ್ಪುವಳು; ಆ ಕಡೆಯವಳಿಗೆ ಅವಳು ಬಂದಿರುವುದೇ ತಿಳಿಯದು.

ದಕ್ಕೆಗೆ ಬಂದೆವು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲವಾದುದರಿಂದ ಅವೆಲ್ಲ ಒಂದಕ್ಕೊಂದು ಒತ್ತಿ ನಿಂತಿದ್ದುವು. ಎದುರಿಗೆ, ಫಲ್ಗುಣಿ ನದಿಯ ಆಚೆ ದಡದಲ್ಲಿ, ಮಳೆಯ ತೆರೆಯ ಹಿಂದೆ ಬೆಂಗ್ರೆಯ ತೆಂಗುಗಳು ಕಾಣುತ್ತಿದ್ದುವು. ಬೆಂಗ್ರೆಯೆಂದರೆ ಒಂದು ಮಗ್ಗುಲಿಗೆ ನದಿ, ಇನ್ನೊಂದು ಮಗ್ಗುಲಿಗೆ ಸಮುದ್ರ, ತುದಿಯಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲಿಗೆ ಬೀಳುವ ಅಳಿವೆ. ಇವುಗಳ ನಡುವಿನ ಮರಳಿನ ಪಟ್ಟಿ. ಮೊಗವೀರರೂ ಬ್ಯಾರಿ ಮುಸಲ್ಮಾನರೂ ಅಲ್ಲಿ ಬಹುಕಾಲದಿಂದ ವಾಸವಾಗಿರುವರು. ರಸ್ತೆಯಿಂದ ಹೋಗಬೇಕಾದರೆ ಕೂಳೂರಿನ ಸೇತುವೆಯನ್ನು ಸುತ್ತಿ ಬರಬೇಕು. ದೋಣಿಯಾದರೆ ಕೆಲವೇ ನಿಮಿಷ. ದೋಣಿಯಲ್ಲಿ ಕುಳಿತು ಹಿಂದಿರುಗಿ ನೋಡಿದೆವು. ಇಷ್ಟೊಂದು ಆಸ್ಪತ್ರೆಗಳ ನಗರವು ಅಷ್ಟು ಹತ್ತಿರದಲ್ಲಿಯೂ ಎಷ್ಟೋ ದೂರದಲ್ಲಿದ್ದಂತೆ ತೋರಿತು.

ಆಚೆ ದಡದಲ್ಲಿ ಮೊದಲು ಹೊಕ್ಕುದು ಬೀಡಿ ಕಟ್ಟುವ ಮನೆ. ಮೂರು ತಿಂಗಳ ಬಸುರಿಯು ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು, ಮಾತನಾಡುತ್ತಲೇ ಎಲೆ ಸುತ್ತುತ್ತಿದ್ದಳು. ಈ ಜಿಲ್ಲೆಯ ಎಷ್ಟೋ ಸಂಸಾರಗಳಿಗೆ ಅದೇ ಅನ್ನದ ದಾರಿ. ಬಿಡು ಎಂದರೆ ಬಿಡುವಂತಿಲ್ಲ. ಕಾರ್ಯಕರ್ತೆಯು ಬಿಡು ಎನ್ನಲಿಲ್ಲ. "ಒಳಕೋಣೆಯಲ್ಲಿ ಬೇಡ, ಗಾಳಿಯಾಡುವ ಚಾವಡಿಯಲ್ಲಿ ಕುಳಿತುಕೊಳ್ಳಿ, ಉಣ್ಣುವ ಮೊದಲು ಕೈಯನ್ನು ಸಾಬೂನಿನಿಂದ ತೊಳೆಯಿರಿ, ಹೊಗೆಸೊಪ್ಪಿನ ಪುಡಿಯನ್ನು ಚಿಕ್ಕವನ ಕೈಗೆ ಸಿಗದಂತೆ ಇಡಿ" ಎಂದು ಬ್ಯಾರಿ ಮಾತಿನಲ್ಲಿ ಹೇಳಿ, ಕಬ್ಬಿಣಾಂಶದ ಮಾತ್ರೆಗಳನ್ನು ಇನ್ನು ನಿತ್ಯವೂ ತಪ್ಪದೆ ತೆಗೆದುಕೊಳ್ಳಬೇಕೆಂದೂ, ಚಹದೊಂದಿಗೆ ನುಂಗಿದರೆ ಪ್ರಯೋಜನವಿಲ್ಲವೆಂದೂ ತಿಳಿಸಿದಳು. ನಮ್ಮ ರಾಜ್ಯದ ಬಸುರಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತಹೀನತೆಯಿರುವುದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಿಂದ ತಿಳಿದುಬಂದಿದೆ. ಹೀಗಿರಲು, ಮಾತ್ರೆಯನ್ನು ಕೊಟ್ಟರೆ ಸಾಲದು, ಅದು ಹೊಟ್ಟೆಗೆ ಹೋಯಿತೇ ಎಂದು ಮನೆಗೆ ಬಂದು ಕೇಳುವವರೂ ಬೇಕಷ್ಟೆ.

ಎರಡನೆಯ ಮನೆಯಲ್ಲಿ ಏಳು ದಿನದ ಗಂಡುಕೂಸು. ಲೇಡಿಗೋಷನ್ನಿನಲ್ಲಿ ಹುಟ್ಟಿ, ಮೂರನೆಯ ದಿನ ಮನೆಗೆ ಬಂದಿತ್ತು. ಹುಟ್ಟಿದಾಗಿನ ತೂಕ 2 ಕಿಲೋ 300 ಗ್ರಾಂ. ಎರಡೂವರೆ ಕಿಲೋವಿಗಿಂತ ಕಡಮೆಯಾದ ಕೂಸನ್ನು ವಿಶೇಷ ಎಚ್ಚರದಿಂದ ನೋಡಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಹೋಗಿ ನೋಡಬೇಕೆಂದು 2011ರಲ್ಲಿ ನಿಯಮವಾಗಿದೆ. ನಮ್ಮ ಹಿರಿಯರು ಬಾಣಂತನಕ್ಕೆ ನಲವತ್ತು ದಿನಗಳನ್ನು ಇಟ್ಟರು. ಇಲಾಖೆಯವರು ನಲವತ್ತೆರಡನ್ನು ಇಟ್ಟಿರುವರು. ತಾಯಿ-ಕೂಸುಗಳಿಗೆ ಯಾವ ದಿನಗಳು ಅಪಾಯದವು ಎಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ.

ಕಾರ್ಯಕರ್ತೆಯು ಚಪ್ಪಲಿ ಕಳಚಿ, ಬಚ್ಚಲಿಗೆ ಹೋಗಿ ಕೈಯನ್ನು ಮೊಣಕೈವರೆಗೆ ತೊಳೆದು, ಒರಸಿಕೊಳ್ಳದೆ ಗಾಳಿಗೆ ಆರಿಸಿಕೊಂಡು ಬಂದಳು. ತಾಯಿಯ ಜ್ವರವನ್ನು ನೋಡಿದಳು. ಬಳಿಕ ಚೀಲದಿಂದ ಜೋಲಿಯ ತಕ್ಕಡಿಯನ್ನು ತೆಗೆದು ಕೂಸನ್ನು ತೂಗಿದಳು, ತೂಕವು ಇಳಿದಿತ್ತು. ಕಂಕುಳಲ್ಲಿ ತಾಪಮಾಪಕವನ್ನಿಟ್ಟಳು, ಮೈ ತಣ್ಣಗಿತ್ತು. "ಹಾಲು ಕುಡಿಯುವುದೇ?" ಎಂದರೆ ತಾಯಿಯು, "ನಿನ್ನೆಯಿಂದ ನಿದ್ರೆಯೇ ಹೆಚ್ಚು. ಒಳ್ಳೆಯ ಕೂಸು, ಅಳುವುದೇ ಇಲ್ಲ" ಎಂದಳು. ಕಾರ್ಯಕರ್ತೆಯ ಮುಖದ ನಗೆಯು ಅಲ್ಲಿಗೆ ಮಾಯವಾಯಿತು. ಕೂಸಿನ ಅಂಗಿಯನ್ನು ಮೇಲೆತ್ತಿ, ಗಡಿಯಾರವನ್ನು ಎದುರಿಗೆ ಹಿಡಿದು, ಹೊಟ್ಟೆಯ ಏರಿಳಿತವನ್ನು ಒಂದು ನಿಮಿಷದ ಕಾಲ ಎಣಿಸಿದಳು. ಅರುವತ್ತಾರು. ಸ್ವಲ್ಪ ತಡೆದು ಮತ್ತೊಮ್ಮೆ ಎಣಿಸಿದಳು. ಅರುವತ್ತನಾಲ್ಕು. ಎಳೆಗೂಸಿನ ಉಸಿರು ನಿಮಿಷಕ್ಕೆ ಅರುವತ್ತನ್ನು ಮುಟ್ಟಿದರೆ ಅದನ್ನು ಅಪಾಯದ ಗುರುತೆಂದೇ ತಿಳಿಯಬೇಕೆಂದು ಆಕೆಗೆ ಕಲಿಸಿದ್ದರು. "ಈಗಲೇ ಆಸ್ಪತ್ರೆಗೆ ಹೋಗಬೇಕು" ಎಂದಳು.

ಅಜ್ಜಿಯು ಒಪ್ಪಲಿಲ್ಲ. "ನಲವತ್ತು ದಿನ ತುಂಬದೆ ಕೂಸನ್ನು ಹೊಸಲು ದಾಟಿಸುವುದೆ? ಅದೂ ಆಟಿಯ ಈ ಮಳೆಯಲ್ಲಿ, ನೀರಿನ ಮೇಲೆ? ನಾನು ಆರು ಹೆತ್ತವಳು, ನನಗೆ ತಿಳಿಯದೆ?" ಎಂದು ಬಾಗಿಲಿಗೆ ಅಡ್ಡವಾಗಿ ಕುಳಿತರು. ಅವರ ಮಾತಿನಲ್ಲಿ ಮೂಢತನವಿರಲಿಲ್ಲ. ಮಳೆಗಾಳಿಗೆ ಎಳೆಗೂಸನ್ನು ಒಡ್ಡಬಾರದೆಂಬುದು ನಿಜವಷ್ಟೆ. ನಾವು ಕಾರ್ಯಕರ್ತೆಯು ಕಾನೂನನ್ನೋ ವೈದ್ಯರ ಹೆಸರನ್ನೋ ಹೇಳಿ ಹೆದರಿಸುವಳೆಂದು ಎಣಿಸಿದ್ದೆವು. ಆಕೆಯು ಹಾಗೆ ಮಾಡದೆ ಅಜ್ಜಿಯ ಪಕ್ಕದಲ್ಲಿ ಕುಳಿತು, ಅವರ ಅಂಗೈಯನ್ನು ಹಿಡಿದು ಕೂಸಿನ ಹೊಟ್ಟೆಯ ಮೇಲೆ ಇಟ್ಟು, "ಅಜ್ಜಿ, ನೀವೇ ನೋಡಿ. ಮಲಗಿರುವ ಕೂಸು ಓಡಿಬಂದವರ ಹಾಗೆ ಉಸಿರಾಡುವುದುಂಟೆ?" ಎಂದು ತುಳುವಿನಲ್ಲಿ ಕೇಳಿದಳು.

ಅಜ್ಜಿಯು ಬಹಳ ಹೊತ್ತು ಕೈಯನ್ನು ತೆಗೆಯಲಿಲ್ಲ. ಆಮೇಲೆ ಮೆಲ್ಲನೆ, "ನನ್ನ ಮೂರನೆಯದೂ ಹೀಗೆಯೇ ಅಳದೆ ಮಲಗಿತ್ತು. ಒಳ್ಳೆಯ ಕೂಸೆಂದು ನಾವೂ ಎಣಿಸಿದೆವು. ಒಂಬತ್ತನೆಯ ದಿನ ಹೋಯಿತು" ಎಂದರು. ಆರು ಹೆತ್ತವರಿಗೆ ಉಳಿದುದು ನಾಲ್ಕು ಎಂದು ನಮಗೆ ಆಗ ತಿಳಿಯಿತು.

ಮತ್ತೆ ತಡವಾಗಲಿಲ್ಲ. ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಗಲುವಂತೆ ಒರಗಿಸಿ, ತಲೆಗೆ ಟೊಪ್ಪಿಗೆ ಹಾಕಿ, ಮೇಲೆ ಕಂಬಳಿ ಹೊದಿಸಿದರು. ದಕ್ಕೆಯಲ್ಲಿ ರಿಕ್ಷಾ ಸಿದ್ಧವಾಗಿರುವಂತೆಯೂ, ಆಸ್ಪತ್ರೆಯಲ್ಲಿ ತಿಳಿದಿರುವಂತೆಯೂ ಕಾರ್ಯಕರ್ತೆಯು ಫೋನಿನಲ್ಲಿ ಹೇಳಿದಳು. ದೋಣಿಯವನು ಬೇರೆ ಜನಕ್ಕಾಗಿ ಕಾಯದೆ ಬಿಟ್ಟನು. ಎಲ್ಲರಿಗಿಂತ ಮೊದಲು ದೋಣಿಗೆ ಹತ್ತಿ, ಸೊಸೆಯ ತಲೆಯ ಮೇಲೆ ಕೊಡೆ ಹಿಡಿದು ತಾವು ನೆನೆಯುತ್ತ ಕುಳಿತವರು ಆ ಅಜ್ಜಿಯೇ.

ಕೂಸಿಗೆ ರಕ್ತದಲ್ಲಿ ನಂಜೇರಿತ್ತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿತು. ನಲವತ್ತೆರಡನೆಯ ದಿನದ ತೂಕ 3 ಕಿಲೋ 200 ಗ್ರಾಂ ಎಂದು ಕಾರ್ಯಕರ್ತೆಯು ನಮಗೆ ಫೋನಿನಲ್ಲಿ ತಿಳಿಸಿದಳು. ಎಲ್ಲ ಕೂಸುಗಳ ಕಥೆಯೂ ಹೀಗೆ ಮುಗಿಯುವುದಿಲ್ಲವೆಂದೂ ಆಕೆಯೇ ಹೇಳಿದಳು.

ಹಿರಿಯರ ಪ್ರಶ್ನೆಗೆ ನಮಗೆ ದೊರೆತ ಉತ್ತರವಿದು: ಕೂಸನ್ನು ಬದುಕಿಸಿದುದು ಆಸ್ಪತ್ರೆಯೇ, ಸಂದೇಹವಿಲ್ಲ. ಆದರೆ ಆಸ್ಪತ್ರೆಯು ದೋಣಿ ಹತ್ತಿ ಬರಲಾರದು. ಅಳದೆ ಮಲಗಿದ ಕೂಸು ಕಾಯಿಲೆಯ ಕೂಸೆಂದು ಮನೆಯವರಿಗೆ ತೋರಲಾರದು. ತೋರಿದವಳು ಗಡಿಯಾರ ಹಿಡಿದು ಉಸಿರನ್ನೆಣಿಸಿದ ನೆರೆಯ ಹೆಂಗಸು. ಇದು ಊಹೆಯ ಮಾತಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ಅಭಯ ಬಂಗ್, ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೆ ಇದೇ ವಿದ್ಯೆಯನ್ನು ಕಲಿಸಿ, ನವಜಾತ ಶಿಶುಗಳ ಮರಣವನ್ನು ಅರ್ಧಕ್ಕಿಂತಲೂ ಕಡಮೆ ಮಾಡಿದುದು 1999ರಲ್ಲಿ ಪ್ರಕಟವಾಗಿ, ಇಂದಿನ ನಿಯಮಗಳಿಗೆ ಅದೇ ಮೂಲವಾಯಿತು. ಕರ್ನಾಟಕದಲ್ಲಿ 2005ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 50 ಮಕ್ಕಳು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದುವು. 2020ರಲ್ಲಿ ಆ ಸಂಖ್ಯೆಯು 19ಕ್ಕೆ ಇಳಿದಿತ್ತು. ಇದರ ಕೀರ್ತಿಯು ಹಲವರಿಗೆ ಸಲ್ಲುವುದು. ಅವರಲ್ಲಿ ಈ ನಡೆಯುವ ಹೆಂಗಸರೂ ಸೇರಿರುವರು.

ಆಕೆಗೆ ದೊರೆಯುವುದೇನು? ಒಂದು ಕೂಸಿನ ಆರು ಭೇಟಿಗಳನ್ನೂ ಮುಗಿಸಿದರೆ ಕೊಡುವಂತೆ ನಿಗದಿಯಾದುದು 250 ರೂಪಾಯಿ. ಸಂಬಳದವಳಲ್ಲ, ಗೌರವಧನದವಳು. ತಿಂಗಳಿಗೆ ನಿಶ್ಚಿತವಾದ ಮೊತ್ತವನ್ನು ಕೊಡಬೇಕೆಂದು 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಹಗಲಿರುಳೂ ಧರಣಿ ಕುಳಿತಿದ್ದುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿರಬಹುದು.

ಹಿಂದಿರುಗಿದ ಮೇಲೆ ನಮ್ಮ ಹಿರಿಯರಿಗೆ ಇದೆಲ್ಲವನ್ನೂ ಹೇಳಿದೆವು. ಅವರು ಕೊನೆಯವರೆಗೆ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಬೀದಿಗೆ ಬರುವವಳ ಹೆಸರೇನು?" ಎಂದು ಕೇಳಿದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಎಷ್ಟೋ ವರ್ಷಗಳಿಂದ ಆಕೆ ನಮ್ಮ ಬಾಗಿಲಿಗೆ ಬರುತ್ತಿದ್ದಳು. ಹೆಸರು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ಆದುದರಿಂದ ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿನಂತಿಯು ಇಷ್ಟೇ. ನಿಮ್ಮ ಬೀದಿಗೆ ಬರುವವಳ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ಮಗಳು ಬಾಣಂತನಕ್ಕೆ ಬಂದ ದಿನವೇ ಆಕೆಗೆ ಸುದ್ದಿ ಮುಟ್ಟಿಸಿರಿ. ಬಯಕೆಯ ಸೀರೆಯ ಜೊತೆಗೆ ತಾಯಿ ಕಾರ್ಡನ್ನೂ ಕಟ್ಟಿ ಕಳುಹಿಸಿರಿ. ಮಾಳಿಗೆಯ ನೀರಿನ ತೊಟ್ಟಿಗೆ ಮುಚ್ಚಳವಿದೆಯೇ ನೋಡಿರಿ. ಮಳೆಯಲ್ಲಿ ನೆನೆದು ಬಂದವಳಿಗೆ ಕುಳ್ಳಿರಲು ಒಂದು ಮಣೆಯನ್ನೂ, ಕೈ ತೊಳೆಯಲು ನೀರನ್ನೂ ಕೊಡಿರಿ. ಆ ಕೈಯಿಂದಲೇ ಆಕೆ ನಿಮ್ಮ ಮನೆಯ ಕೂಸನ್ನು ಎತ್ತಿಕೊಳ್ಳುವವಳು.